ಪ್ರಸ್ತಾವ 231ರ ಪರವಾಗಿ ಒಂದು ವಾದ

ಪೋರ್ಟ್‌ಲ್ಯಾಂಡ್
ಆಗಸ್ಟ್ 9

ಕಾಲ್ಡರ್ ಫ್ಲಾಟಿನ ಏಕೈಕ ಆಂಬುಲೆನ್ಸಿನ ಏಕೈಕ ಸಾರಥಿಯೂ, ನನ್ನ ಅಪ್ಪನ ಅಕ್ಕನೂ, ಫೋನಿನಲ್ಲಿ ಹರಟುವವರ ಕಡುವೈರಿಯೂ ಆದ ಹೆಸ್ಟರ್ ಅತ್ತೆಯವರ ಸನ್ನಿಧಾನಕ್ಕೆ ಆರ್ಲೋ ಫೆಂಟ್ರೆಸ್ ಎಂಬ ಸೈಕಲ್ ರಿಪೇರಿಗಾರನ ವಿಜ್ಞಾಪನೆ.

ನಾನು ಬದುಕಿದ್ದೇನೆ. ತಮ್ಮ ಮನೆಯ ಫೋನು ಪ್ರಾಣ ಹೋಗುತ್ತಿರುವವರಿಗೆ ಮಾತ್ರ, ಉಳಿದವರು ಕಾಗದ ಬರೆಯಬೇಕು ಎಂಬ ತಮ್ಮ ಶಾಸನವನ್ನು ತಲೆಯ ಮೇಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ವಿಷಯ ಗಂಭೀರ. ನವೆಂಬರ್ ಎಂಟರ ಚುನಾವಣೆಯಲ್ಲಿ ನಮ್ಮ ಒರೆಗಾನಿನ ಮತದಾರರು ಹನ್ನೊಂದು ಪ್ರಸ್ತಾವಗಳಿಗೆ ‘ಹೌದು’ ಅಥವಾ ‘ಬೇಡ’ ಹೇಳಬೇಕಂತೆ. ಹನ್ನೊಂದು! ಶಾಸಕರನ್ನು ಆರಿಸಿ ರಾಜಧಾನಿಗೆ ಕಳಿಸುವುದು ಕಾನೂನು ಮಾಡಲಿ ಎಂದು. ಅವರು ಅಲ್ಲಿ ಕೂತು ಕಾಫಿ ಕುಡಿಯುವುದು, ಕಾನೂನನ್ನು ನಾವು ಅಡುಗೆಮನೆಯ ಮೇಜಿನ ಮೇಲೆ ಪೆನ್ನು ಕಚ್ಚುತ್ತ ಮಾಡುವುದು. ಒಂದು ಪ್ರಸ್ತಾವ ಮೀನಿನ ಬಲೆಯ ಕಣ್ಣು ಎಷ್ಟಗಲ ಇರಬೇಕೆಂದು ನನ್ನನ್ನು ಕೇಳುತ್ತದೆ. ನಾನು ಮೀನು ತಿಂದು ಗೊತ್ತೇ ಹೊರತು ಅದರ ಸೊಂಟ ಅಳೆದವನಲ್ಲ. ಇನ್ನೊಂದರ ಮೊದಲ ವಾಕ್ಯ ಓದಲು ಶುರುಮಾಡಿದಾಗ ನನ್ನ ಕಾಫಿ ಬಿಸಿಯಿತ್ತು.

ಅದೆಲ್ಲ ಹಾಳಾಗಲಿ ಎನ್ನಬಹುದಿತ್ತು, 231 ಇಲ್ಲದಿದ್ದರೆ. ಸಾವಿರದೈನೂರಕ್ಕಿಂತ ಕಡಿಮೆ ಮತದಾರರಿರುವ ಸಣ್ಣ ಸೇವಾ ವಲಯಗಳನ್ನೆಲ್ಲ ಮುಚ್ಚಿ ಕೌಂಟಿ ಕೇಂದ್ರದ ಜೊತೆ ಸೇರಿಸಬೇಕು ಎಂಬುದು ಅದರ ಒಟ್ಟು ಸಾರ. ಅಂದರೆ ನಿಮ್ಮ ಆಂಬುಲೆನ್ಸ್ ವಲಯವೂ ಸೇರಿ. ಗೆದ್ದರೆ ನಿಮ್ಮ ಗಾಡಿ ಕೌಂಟಿ ಕೇಂದ್ರವಾದ ಹ್ಯಾಸ್ಕೆಲ್ ಊರಿನ ಶೆಡ್ಡಿಗೆ ಹೋಗುತ್ತದೆ. ಕಾಲ್ಡರ್ ಫ್ಲಾಟಿನಲ್ಲಿ ಯಾರಿಗಾದರೂ ಎದೆನೋವು ಬಂದರೆ ಅರವತ್ತೆಂಟು ಮೈಲಿ ಬೆಟ್ಟ ಹತ್ತಿಳಿದು ಅಲ್ಲಿಂದ ಬರಬೇಕು. ಒಂದೇ ಒಂದು ಸಮಾಧಾನವೆಂದರೆ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಕಲಮು ಇದೆ: ರಾಜ್ಯದಲ್ಲಿ ಪ್ರಸ್ತಾವ ಗೆದ್ದರೂ, ಯಾವ ವಲಯದ ಮತದಾರರೇ ‘ಬೇಡ’ ಎನ್ನುತ್ತಾರೋ ಆ ವಲಯ ಉಳಿಯುತ್ತದೆ. ನಿಮ್ಮೂರಿನ ನೂರ ಎಂಬತ್ತೆಂಟು ಮತದಾರರಲ್ಲಿ ‘ಹೌದು’ ಎನ್ನುವ ಹುಚ್ಚರು ಎಷ್ಟಿದ್ದಾರು? ಆದ್ದರಿಂದ ತಾವು ನಿಶ್ಚಿಂತೆಯಿಂದಿರಿ.

ಆದರೆ ಬೇರೆ ಸಣ್ಣ ಊರುಗಳಿಗೋಸ್ಕರ ನಾನು ಸುಮ್ಮನಿರಲಾರೆ. ಸರ್ಕಾರ ಮನೆಮನೆಗೂ ಕಳಿಸುವ ಮತದಾರರ ಕೈಪಿಡಿಯಲ್ಲಿ ಯಾರು ಬೇಕಾದರೂ ಪರ ಅಥವಾ ವಿರೋಧ ವಾದ ಅಚ್ಚು ಹಾಕಿಸಬಹುದಲ್ಲ? ಐನೂರು ಸಹಿ ಒಟ್ಟುಮಾಡಿದರೆ ಸಾಕು. ನಾನು ಪರವಾಗಿ ಬರೆಯುತ್ತೇನೆ. ಎಷ್ಟು ಪರವಾಗಿ ಎಂದರೆ, ಓದಿದವರೆಲ್ಲ ಓಡಿಹೋಗಿ ವಿರೋಧವಾಗಿ ಮತ ಹಾಕಬೇಕು.

ತಮ್ಮ ಆಜ್ಞಾಧಾರಕ,
ಆರ್ಲೋ


ಕಾಲ್ಡರ್ ಫ್ಲಾಟ್
ಆಗಸ್ಟ್ 17

ಆರ್ಲೋ,

ಕಾಗದ ಬಂತು. ಎರಡು ಸಲ ಓದಿದೆ. ಮೊದಲ ಸಲ ವಿಷಯ ಎಲ್ಲಿದೆ ಎಂದು ಹುಡುಕಲು.

231ರ ಬಗ್ಗೆ ಇಲ್ಲಿಯೂ ಗೊತ್ತು. ನೀನು ಏನೂ ಬರೆಯಬೇಡ. ಇಲ್ಲಿನ ಜನ ಅಚ್ಚಾದದ್ದನ್ನು ನಂಬುತ್ತಾರೆ. ಕೈಪಿಡಿ ಬಂದ ವಾರ ಊರಿನ ರೈತಸಂಘದ ಗ್ರೇಂಜ್ ಹಾಲಿನಲ್ಲಿ, ಎಲ್ಲರೂ ಹಣ್ಣಿನ ಪೈ ಬೇಯಿಸಿ ತರುವ ಪೈ ಭಾನುವಾರ ಇರುತ್ತದೆ, ನೀನು ಚಿಕ್ಕವನಿದ್ದಾಗ ಮೂರು ತುಂಡು ಚೆರಿ ಪೈ ತಿಂದು ಮೇಜಿನ ಕೆಳಗೆ ಮಲಗಿದ್ದೆಯಲ್ಲ, ಅದು. ಗಸ್ ಟಾಲಿವರ್ ರಟ್ಟಿನಿಂದ ರಟ್ಟಿನವರೆಗೆ ಗಟ್ಟಿಯಾಗಿ ಓದುತ್ತಾನೆ. ನಲವತ್ತು ವರ್ಷ ದನದ ಹರಾಜು ಕೂಗಿದವನು, ಕೈಪಿಡಿಯನ್ನು ಮಾತ್ರ ಪ್ರಾರ್ಥನೆಯ ಹಾಗೆ ಓದುತ್ತಾನೆ. ಅವನ ಬಾಯಲ್ಲಿ ತಮಾಷೆ ತಮಾಷೆಯಾಗಿ ಉಳಿಯುವುದಿಲ್ಲ.

ಇಲ್ಲಿ ಎಲ್ಲ ಸರಿಯಾಗಿದೆ. ಗಾಡಿಗೆ ಹೊಸ ಬಂಪರ್ ಹಾಕಿಸಿದೆ. ಹಲ್ಲಿನ ಡಾಕ್ಟರ ಹತ್ತಿರ ಹೋಗು.

ಹೆಸ್ಟರ್ ಅತ್ತೆ


ಪೋರ್ಟ್‌ಲ್ಯಾಂಡ್
ಆಗಸ್ಟ್ 26

ಪರಮಪೂಜ್ಯ ಅತ್ತೆಯವರಿಗೆ,

ತಮ್ಮ ಕಾಗದ ತಲುಪುವ ಹೊತ್ತಿಗೆ ಐತಿಹಾಸಿಕ ಘಟನೆ ನಡೆದುಹೋಗಿತ್ತು. ಶನಿವಾರದ ಸಂತೆಯಲ್ಲಿ ನಿಂತು ಐನೂರ ಹನ್ನೆರಡು ಸಹಿ ಒಟ್ಟುಮಾಡಿದೆ. ನನ್ನ ಬರಹವನ್ನು ಪೂರ್ತಿ ಓದಿ ಸಹಿ ಹಾಕಿದವರು ನಾಲ್ಕು ಜನ. ಅವರಲ್ಲಿ ಒಬ್ಬರು ಕನ್ನಡಕ ಒರೆಸಿಕೊಂಡು, “ಏನಪ್ಪಾ, ತಲೆ ನೆಟ್ಟಗಿದ್ಯಾ?” ಎಂದು ಕೇಳಿ ಸಹಿ ಹಾಕಿದರು. ಉಳಿದವರು ಟೊಮೇಟೊ ಚೀಲ ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ ಸಹಿ ಗೀಚಿ ಹೋದರು. ಇಂಥವರ ಕೈಯಲ್ಲಿ ರಾಜ್ಯದ ಕಾನೂನು ಇದೆ, ಅತ್ತೆ! ಈ ಬಗ್ಗೆ ನನಗೆ ಹೇಳಿಕೊಳ್ಳಲಾಗದಷ್ಟು ಬೇಸರವಿದೆ. ಯಾಕೆ ಅಷ್ಟು ಎಂದು ಕೇಳಬೇಡಿ.

ಅಚ್ಚಿಗೆ ಹೋದ ಬರಹದ ನಕಲು ಇಲ್ಲಿದೆ. ಎದ್ದು ನಿಂತು ಓದಿಕೊಳ್ಳಬೇಕಾಗಿ ವಿನಂತಿ.

“ಮಾನ್ಯ ಮತದಾರರೇ, ಪ್ರಸ್ತಾವ 231ಕ್ಕೆ ‘ಹೌದು’ ಎನ್ನಿ.

ಇಂದು ನಮ್ಮ ಸಣ್ಣ ಊರುಗಳಲ್ಲಿ ಆಂಬುಲೆನ್ಸ್ ಹನ್ನೊಂದೇ ನಿಮಿಷದಲ್ಲಿ ಬಂದುಬಿಡುತ್ತಿದೆ. ಈ ಅವಸರದಿಂದ ರೋಗಿಗೆ ತನ್ನ ಬದುಕಿನ ಬಗ್ಗೆ ಚಿಂತಿಸಲು ವೇಳೆಯೇ ಸಿಗುತ್ತಿಲ್ಲ. ಪ್ರಸ್ತಾವ ಗೆದ್ದರೆ ಒಂದೂವರೆ ಗಂಟೆ ಸಿಗುತ್ತದೆ. ಅಷ್ಟರಲ್ಲಿ ಉಯಿಲು ತಿದ್ದಬಹುದು, ಮಾತು ಬಿಟ್ಟ ತಮ್ಮನ ಜೊತೆ ರಾಜಿಯಾಗಬಹುದು, ಒಲೆಯ ಮೇಲಿನ ಬೀನ್ಸ್ ಇಳಿಸಿ ಬರಬಹುದು. ಹೃದಯಾಘಾತವನ್ನು ಕಚೇರಿಯ ವೇಳೆಗೆ ಹೊಂದಿಸಿಕೊಳ್ಳುವ ಶಿಸ್ತು ನಾಗರಿಕರಲ್ಲಿ ತಾನಾಗಿ ಬೆಳೆಯುತ್ತದೆ. ದೂರದಲ್ಲಿ ವಾಸಿಸುವವರು ದೂರದಿಂದಲೇ ಗುಣವಾಗಬೇಕು ಎಂಬುದು ಪ್ರಕೃತಿ ನಿಯಮ.

ನನ್ನ ಸ್ವಂತ ಅತ್ತೆ ಇಂಥ ಒಂದು ಊರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಆಂಬುಲೆನ್ಸ್ ಓಡಿಸುತ್ತಿದ್ದಾರೆ. ಇಷ್ಟು ವರ್ಷಗಳಲ್ಲಿ ಒಂದು ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟವನ್ನೂ ಅವರು ಬಿಸಿಯಾಗಿ ಉಂಡಿಲ್ಲ. ಟರ್ಕಿ ಕೋಳಿ ಕತ್ತರಿಸಿ ಬಡಿಸುವ ಹೊತ್ತಿಗೆ ಯಾರಾದರೂ ಏಣಿಯಿಂದ ಬೀಳುತ್ತಾರೆ. ಅವರೂ ಒಮ್ಮೆ ಕೂತು ಉಣ್ಣಲಿ. ‘ಹೌದು’ ಎನ್ನಿ.

ಸಲ್ಲಿಸಿದವರು: ಆರ್ಲೋ ಫೆಂಟ್ರೆಸ್, ಅಧ್ಯಕ್ಷ, ಘನತೆಯಿಂದ ಕಾಯುವವರ ಸಂಘ.”

ಹೇಗಿದೆ? ಸಂಘದಲ್ಲಿ ಸದ್ಯ ನಾನೊಬ್ಬನೇ. ಖಜಾಂಚಿ ಹುದ್ದೆ ಖಾಲಿ ಇದೆ.

ಅಧ್ಯಕ್ಷ,
ಆರ್ಲೋ


ಕಾಲ್ಡರ್ ಫ್ಲಾಟ್
ಅಕ್ಟೋಬರ್ 17

ಆರ್ಲೋ,

ಆಗಸ್ಟಿನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಏನು ಬರೆಯಬೇಕೆಂದು ಗೊತ್ತಾಗಲಿಲ್ಲ. ಈಗ ಗೊತ್ತಾಗಿದೆ.

ನಿನ್ನೆ ಪೈ ಭಾನುವಾರ ಆಯಿತು. ಗಸ್ ನಿನ್ನ ವಾದ ಓದಿದ. ಯಾರೂ ನಗಲಿಲ್ಲ. ‘ಬೀನ್ಸ್ ಇಳಿಸಿ ಬರಬಹುದು’ ಎಂದಾಗ ಒಂದಿಬ್ಬರು ತಲೆ ಆಡಿಸಿದರು, ಅದೂ ಒಂದು ಮಾತೇ ಎನ್ನುವ ಹಾಗೆ. ಥ್ಯಾಂಕ್ಸ್‌ಗಿವಿಂಗ್ ಊಟದ ಸಾಲು ಬಂದಾಗ ಗಸ್ ಓದುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ. ಇಡೀ ಸಭೆಯೇ ನನ್ನ ಕಡೆ ನೋಡಿತು. ನಾನು ಪೈ ಕತ್ತರಿಸುತ್ತಿದ್ದೆ.

ಆಮೇಲೆ ಗಸ್ ಹೊರಗೆ ಬಂದು ಹೇಳಿದ, “ನೀನೇ ಬಾಯ್ಬಿಟ್ಟು ಹೇಳ್ಬೋದಿತ್ತು ಹೆಸ್ಟರ್. ಹುಡುಗನ ಕೈಲಿ ಬರೆಸಬೇಕಾಗಿತ್ತಾ? ನಾವೇನು ಹೊರಗಿನೋರಾ?”

“ಏನು ಹೇಳ್ಬೇಕಿತ್ತು?” ಅಂದೆ.

“ದಣಿದಿದೀನಿ ಅಂತ. ಇರ್ಲಿ ಬಿಡು. ನಾವೆಲ್ಲ ಮಾತಾಡ್ಕೊಂಡಿದೀವಿ. ‘ಹೌದು’ ಅಂತಲೇ ಹಾಕ್ತೀವಿ. ನೀನು ಕೂತ್ಕೋ.”

ನಾನು ದಣಿದಿಲ್ಲ ಎಂದರೆ, ಹುಡುಗ ಹೇಳಿದ್ದನ್ನು ಮುಚ್ಚಿಡುತ್ತಿದ್ದಾಳೆ ಎನ್ನುತ್ತಾರೆ. ನನ್ನ ಮೇಲಿನ ಪ್ರೀತಿಯಿಂದ ಊರು ತನ್ನ ಆಂಬುಲೆನ್ಸನ್ನು ಕಳೆದುಕೊಳ್ಳಲು ಹೊರಟಿದೆ.

ಒಂದು ಮಾತು ಕೇಳಬೇಕು. ಜುಲೈಯಲ್ಲಿ ನಾನು ಹ್ಯಾಸ್ಕೆಲ್ ರಸ್ತೆಯ ನಲವತ್ತೊಂದನೇ ಮೈಲಿಗಲ್ಲಿನ ತಿರುವಿನಲ್ಲಿ ಜಾರಿ ಚರಂಡಿಗೆ ಇಳಿದ ವಿಷಯ ನಿನಗೆ ಯಾರು ಹೇಳಿದರು? ವೈನೋನಾ ಪೈಕ್ ಒಬ್ಬಳಿಗೇ ಗೊತ್ತಿತ್ತು, ಹಿಂದೆ ಸ್ಟ್ರೆಚರಿನ ಮೇಲೆ ಇದ್ದವಳು ಅವಳೇ. ಯಾರಿಗೂ ಪೆಟ್ಟಾಗಲಿಲ್ಲ. ಅದನ್ನು ಕೇಳಿ ನನ್ನನ್ನು ಸೀಟಿನಿಂದ ಇಳಿಸಲು ನೀನು ಈ ದಾರಿ ಹಿಡಿದಿದ್ದರೆ, ನೇರವಾಗಿ ಹೇಳಬಹುದಿತ್ತು. ನಾನು ಕೇಳುತ್ತಿದ್ದೆ.

ಹೆಸ್ಟರ್


ಪೋರ್ಟ್‌ಲ್ಯಾಂಡ್
ಅಕ್ಟೋಬರ್ 21

ಅತ್ತೆ,

ಯಾವ ತಿರುವು? ಯಾವ ಚರಂಡಿ? ನನಗೆ ಯಾರೂ ಏನೂ ಹೇಳಿಲ್ಲ. ನಿಮ್ಮ ಕಾಗದದಲ್ಲಿ ಬಂಪರ್ ಎಂದು ಓದಿದಾಗ ಹಳೆಯದು ತುಕ್ಕು ಹಿಡಿದಿರಬೇಕು ಎಂದುಕೊಂಡೆ. ವೈನೋನಾ ಅಮ್ಮನಿಗೆ ಬೈಯಬೇಡಿ. ಆ ಊಟದ ಸಾಲನ್ನು ಬರೆದದ್ದು ಹೊಟ್ಟೆ ತುಂಬ ನಗಿಸಬೇಕೆಂದು. ಅದು ನಿಜವಾದ ಸಂಗತಿ ಎಂಬುದು ಬರೆಯುವಾಗ ನನ್ನ ತಲೆಗೇ ಹೋಗಲಿಲ್ಲ.

ಕೈಪಿಡಿಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ. ಕೇಳಿದೆ. ಚುನಾವಣಾ ಕಚೇರಿಯಲ್ಲಿ ಫೋನ್ ಎತ್ತಿದ ಹೆಂಗಸು ತುಂಬ ಒಳ್ಳೆಯವರು. “ಓದಿದೆ ಕಣಪ್ಪಾ, ಎಷ್ಟು ಮನಸ್ಸಿಗೆ ಮುಟ್ಟೋ ಹಾಗೆ ಬರೆದಿದೀಯ” ಅಂದರು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಇನ್ನೊಂದು ಇದೆ. ಆಗಸ್ಟಿನಲ್ಲೇ ಹೇಳಬೇಕಿತ್ತು. ಈ 231 ಮತಪತ್ರಕ್ಕೆ ಬರಲು ಜನರ ಸಹಿ ಬೇಕಿತ್ತಲ್ಲ. ಮೇ ತಿಂಗಳಲ್ಲಿ ದಿನಸಿ ಅಂಗಡಿಯ ಮುಂದೆ ಹಸಿರು ಟೋಪಿಯವನೊಬ್ಬ ಹಲಗೆ ಹಿಡಿದು, “ಸಣ್ಣ ಊರುಗಳನ್ನ ಉಳಿಸೋಕೆ ಒಂದು ಸಹಿ!” ಎಂದು ಕೂಗುತ್ತಿದ್ದ. ನನಗೆ ನಿಮ್ಮ ನೆನಪಾಯಿತು. ಹೆಮ್ಮೆಯಿಂದ ಸಹಿ ಹಾಕಿದೆ, ಓದಲಿಲ್ಲ. ನನ್ನ ಕೈಯಲ್ಲೂ ಟೊಮೇಟೊ ಚೀಲವಿತ್ತು. ಸಂತೆಯ ಜನರನ್ನು ನಿಮಗೆ ಬೈದು ಬರೆದೆನಲ್ಲ, ಅವರೆಲ್ಲ ನಾನೇ.

ಈಗ ಒಂದು ದಾರಿ ಹೊಳೆದಿದೆ. ಅಂಚೆಯಲ್ಲಿ ಮನೆಗೆ ಬಂದ ಮತಪತ್ರವನ್ನು ಊರಿನವರು ತುಂಬಿ ಅಂಟಿಸಿದ ಕವರುಗಳನ್ನೆಲ್ಲ ಹಾಲಿನಲ್ಲಿ ಒಂದು ಪೆಟ್ಟಿಗೆಯಲ್ಲಿ ಕೂಡಿಸಿ, ಕೊನೆಗೆ ಹ್ಯಾಸ್ಕೆಲ್ಲಿಗೆ ಒಯ್ದು ಮತಪೆಟ್ಟಿಗೆಗೆ ಹಾಕುವವರು ನೀವೇ ಅಲ್ಲವೇ? ಈ ಸಲ ಪೆಟ್ಟಿಗೆ ಎಲ್ಲಿಯಾದರೂ ಕಳೆದುಹೋದರೆ? ನದಿಯಿದೆ, ಸೇತುವೆಯಿದೆ, ಗಾಳಿಯಿದೆ. ನಾನು ಏನನ್ನೂ ಸೂಚಿಸುತ್ತಿಲ್ಲ.

ಆರ್ಲೋ


ಕಾಲ್ಡರ್ ಫ್ಲಾಟ್
ಅಕ್ಟೋಬರ್ 25

ಆರ್ಲೋ,

ಪೆಟ್ಟಿಗೆ ಕಳೆಯುವುದಿಲ್ಲ. ಆ ಮಾತನ್ನು ಇನ್ನೊಮ್ಮೆ ಬರೆದರೆ ನಿನ್ನ ಕಾಗದ ಒಡೆಯದೆ ವಾಪಸ್ ಕಳಿಸುತ್ತೇನೆ. ಜನ ಅದನ್ನು ನನ್ನ ಕೈಗೆ ಕೊಡುವುದು ನಾನು ಗಾಡಿ ಓಡಿಸುತ್ತೇನೆ ಎಂದಲ್ಲ, ನಾನು ತಲುಪಿಸುತ್ತೇನೆ ಎಂದು.

ಇಂದಿನವರೆಗೆ ನೂರು ದಾಟಿದೆ. ಕೊಡುವಾಗ ಒಬ್ಬೊಬ್ಬರೂ ನನ್ನ ಭುಜ ತಟ್ಟುತ್ತಾರೆ. ಸತ್ತವರ ಮನೆಗೆ ಬಂದ ಹಾಗೆ.

ಸಹಿಯ ವಿಷಯ ಓದಿದೆ. ಬೆಪ್ಪೇ ಎಂದು ಬೈಯುವವಳಿದ್ದೆ. ಆದರೆ ನೀನಾಗಿಯೇ ಹೇಳಿದೆ, ಅದಕ್ಕೆ ಇಷ್ಟರಲ್ಲೇ ಬಿಟ್ಟೆ.

ಮೂವತ್ತನೇ ತಾರೀಕು ಭಾನುವಾರ ಎರಡನೇ ಪೈ ಕೂಟ. ಮಧ್ಯಾಹ್ನ ಎರಡು ಗಂಟೆ. ಬಾ. ನಿನ್ನ ಬರಹವನ್ನು ಎಲ್ಲರ ಮುಂದೆ ನೀನೇ ನಿಂತು ಓದು. ನಗಬೇಡ. ಓದಿ ಮುಗಿಸಿ, ಅದು ಏನು ಎಂದು ಹೇಳು. ಸೋಮವಾರ ಬೆಳಿಗ್ಗೆ ನಾನು ಪೆಟ್ಟಿಗೆ ಒಯ್ಯುತ್ತೇನೆ. ಅಷ್ಟರೊಳಗೆ ಯಾರಿಗಾದರೂ ತಮ್ಮ ಕವರು ಬೇಕೆನಿಸಿದರೆ ಅದು ಅವರ ಹಕ್ಕು.

ಬೆಚ್ಚನೆಯ ಕೋಟು ತಾ.

ಹೆಸ್ಟರ್ ಅತ್ತೆ


ಪೋರ್ಟ್‌ಲ್ಯಾಂಡ್
ನವೆಂಬರ್ 1

ಅತ್ತೆ,

ನೀವು ಹ್ಯಾಸ್ಕೆಲ್ಲಿನಿಂದ ವಾಪಸ್ ಬರುವ ಮೊದಲೇ ನನ್ನ ಬಸ್ಸು ಹೊರಟಿತು. ಫೋನಿನಲ್ಲಿ ನಿಮಗೆ ಕೇಳಿಸದೆ ಹೋದ ಭಾಗವನ್ನು ಬರೆಯುತ್ತಿದ್ದೇನೆ.

ನಾನು ಮೆಟ್ಟಿಲು ಹತ್ತುತ್ತಿದ್ದೆ, ನೀವು ಕೋಟು ಹಾಕಿಕೊಂಡು ಇಳಿಯುತ್ತಿದ್ದಿರಿ. ಪೋರ್ಟ್‌ಲ್ಯಾಂಡಿನ ಎಲ್ಕ್ ಜಿಂಕೆಯ ಬೇಟೆಗಾರನೊಬ್ಬ ಬಂಡೆಯಿಂದ ಜಾರಿ ಕಾಲು ಮುರಿದುಕೊಂಡಿದ್ದಾನೆ ಎಂದಿರಿ. “ಓದು” ಎಂದಿರಿ. ಹೊರಟೇ ಹೋದಿರಿ. ಐದು ನಿಮಿಷವಾದ ಮೇಲೆ ಗಸ್ ಮೂಲೆಯ ಕಡೆ ನೋಡಿ, “ಪೆಟ್ಟಿಗೆ ಎಲ್ಲಿ?” ಅಂದರು.

“ನಾಳೆಗೆ ಅಂತ ಬೆಳಿಗ್ಗೆಯೇ ಗಾಡಿಗೆ ಹಾಕಿದ್ಲು. ಆಂಬುಲೆನ್ಸಿನಲ್ಲೇ ಇದೆ” ಅಂದರು ವೈನೋನಾ.

ಅತ್ತೆ, ಹ್ಯಾಸ್ಕೆಲ್ ಆಸ್ಪತ್ರೆಯ ಎದುರಿಗೇ ಮತಪೆಟ್ಟಿಗೆ ಇದೆ, ನೀವು ಇವತ್ತೇ ಹಾಕಿಬಿಡುತ್ತೀರಿ ಎಂದುಕೊಂಡೆ. ಆದರೂ ನಿಂತು ಓದಿದೆ. ನನ್ನ ಜೀವಮಾನದಲ್ಲಿ ಅಷ್ಟು ಕೆಟ್ಟದಾಗಿ ಯಾವುದನ್ನೂ ಓದಿಲ್ಲ. ‘ದೂರದಿಂದಲೇ ಗುಣವಾಗಬೇಕು’ ಎಂಬ ಸಾಲಿಗೆ ಬಂದಾಗ ಎದುರಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡ ಅಜ್ಜಿಯೊಬ್ಬರು ಕೂತಿದ್ದರು. ಅವರು ಗಮನವಿಟ್ಟು ಕೇಳುತ್ತಿದ್ದರು.

ಮುಗಿಸಿ, “ಇದು ತಮಾಷೆಗೆ ಬರೆದದ್ದು” ಅಂದೆ.

ಗಸ್ ಕೇಳಿದರು, “ಯಾವುದು ತಮಾಷೆ?”

“ಎಲ್ಲಾ.”

“ಊಟದ್ದೂ?”

“ಅದು... ಅದು ನಿಜ.”

“ಹಾಗಾದ್ರೆ ಎಲ್ಲಾ ಅಲ್ಲ” ಅಂದರು. ಆಮೇಲೆ ಕುರ್ಚಿ ತಿರುಗಿಸಿ ನನ್ನೆದುರು ಕೂತರು. “ನೋಡಪ್ಪಾ, ನಾನು ನಲವತ್ತು ವರ್ಷ ಹರಾಜು ಕೂಗಿದೀನಿ. ಕುಂಟ ಕುದುರೆ ಹಿಡ್ಕೊಂಡು ಇದರಂಥದ್ದು ಇನ್ನೊಂದಿಲ್ಲ ಅಂತ ಕೂಗಿದ್ರೆ ಹತ್ತು ಜನ ನಗ್ತಾರೆ. ಹನ್ನೊಂದನೆಯೋನು ಕೊಂಡ್ಕೊಂಡು ಮನೆಗೆ ಕರ್ಕೊಂಡು ಹೋಗ್ತಾನೆ. ನಾವು ಆ ಹನ್ನೊಂದನೆಯೋರು.”

“ನಿಮ್ಮ ತಪ್ಪಲ್ಲ ಸಾರ್, ಕೂಗಿದೋನದ್ದು” ಅಂದೆ. ಮೇ ತಿಂಗಳಲ್ಲಿ ಸಹಿ ಹಾಕಿದ್ದನ್ನೂ ಹೇಳಿದೆ. ಕೂಡಲೇ ಹೊಡೆತ ಬೀಳುತ್ತದೆ ಎಂದು ಕಾಯುತ್ತಿದ್ದೆ. ವೈನೋನಾ ಮೆಲ್ಲಗೆ ಕೈ ಎತ್ತಿದರು.

“ಹಸಿರು ಟೋಪಿಯೋನಾ? ನಾನೂ ಹಾಕಿದೀನಿ. ಹ್ಯಾಸ್ಕೆಲ್ ಸಂತೇಲಿ.”

“ನಾನೂ” ಅಂತ ಹಿಂದಿನಿಂದ. “ನಮ್ಮನೇಲಿ ಇಬ್ರೂ ಹಾಕಿದ್ವಿ.” ಅರ್ಧ ಸಭೆಯ ಕೈ ಮೇಲಿತ್ತು! ಗಸ್ ಮಾತ್ರ ಕೈ ಎತ್ತಲಿಲ್ಲ, ಅವರ ಕಿವಿ ಕೆಂಪಾಗಿತ್ತು. ಆಗ ಮೊದಲ ಸಲ ಸಭೆ ನಕ್ಕಿತು, ನನ್ನ ಬರಹಕ್ಕಲ್ಲ.

ಆದರೆ ಪೆಟ್ಟಿಗೆ ಬೆಟ್ಟ ಹತ್ತುತ್ತಿತ್ತು. ಯಾರೋ ಕಾರಿನಲ್ಲಿ ಬೆನ್ನಟ್ಟೋಣ ಅಂದರು. “ಹೆಸ್ಟರ್‌ನಾ? ಸೈರನ್ ಹಾಕಿದ ಮೇಲೆ?” ಅಂತ ಇನ್ನೊಬ್ಬರು. ಸುಮ್ಮನೆ ಕೂತೆವು. ಸೇಬಿನ ಪೈ ಮುಗಿಯಿತು, ಕುಂಬಳದ ಪೈ ಮುಗಿಯಿತು. ಐದಕ್ಕೆ ಹತ್ತು ನಿಮಿಷವಿರುವಾಗ ಗೋಡೆಯ ಫೋನು ಹೊಡೆಯಿತು.

ಮುಂದಿನದು ನಿಮಗೆ ಗೊತ್ತು. ಆದರೆ ಮುಖಗಳು ಗೊತ್ತಿಲ್ಲ. ನೀವು ಕವರಿನ ಮೇಲಿನ ಒಂದೊಂದೇ ಹೆಸರು ಓದುತ್ತಿದ್ದಿರಿ, ನಾನು ರಿಸೀವರ್ ಹಿಡಿದು ಅದನ್ನು ಸಭೆಗೆ ಕೂಗುತ್ತಿದ್ದೆ. ಅವರು ಎದ್ದು ನಿಂತು “ವಾಪಸ್ ತಾ” ಎಂದೋ “ಹಾಕು” ಎಂದೋ ಹೇಳುತ್ತಿದ್ದರು. ಟೋಪಿ ತೆಗೆದು ಹೇಳುತ್ತಿದ್ದರು, ಅತ್ತೆ. ಫೋನಿನ ಮುಂದೆ ಯಾರಾದರೂ ಟೋಪಿ ತೆಗೆಯುತ್ತಾರೆಯೇ?

ಎಜ್ರಾ ಬೊಹಾನನ್ “ನಂದು ಹಾಕು. ನಾನು ನಿನ್ನ ಊಟಕ್ಕೆ ಕರಗಿ ‘ಹೌದು’ ಅಂದೋನಲ್ಲ. ತೆರಿಗೆ ಕಡಿಮೆ ಆಗ್ಲಿ ಅಂತಲೇ ಅಂದಿದ್ದು” ಅಂದಾಗ ಎಲ್ಲರೂ ಹೋ ಎಂದು ಕೂಗಿದರಲ್ಲ, ಆಗ ನೀವು “ಅವನ ಕವರು, ಅವನ ಮಾತು. ಬಾಯಿ ಮುಚ್ಚಿ ಎಲ್ಲಾ” ಎಂದದ್ದು ರಿಸೀವರಿನಿಂದ ಕಿಟಕಿಯವರೆಗೆ ಕೇಳಿಸಿತು. ಎಜ್ರಾ ಎದೆ ಉಬ್ಬಿಸಿ ಕೂತರು.

ವೈನೋನಾ “ನಂದೂ ಹಾಕು” ಎಂದಾಗ ಎಲ್ಲರೂ ತಿರುಗಿ ಅವರನ್ನೇ ನೋಡಿದರು. “ಯಾಕೆ ಹಾಗೆ ನೋಡ್ತೀರಾ? ನಾನು ಮೊದಲಿಂದ್ಲೂ ‘ಬೇಡ’ ಅಂತಲೇ ಹಾಕಿದೀನಿ. ಹೆಸ್ಟರ್ ಕೆಲಸ ಬಿಟ್ರೆ ದಿನಾ ನನ್ನ ಮನೇಲೇ ಬಂದು ಕೂತ್ಕೋತಾಳೆ. ಯಾರಿಗೆ ಬೇಕು?”

ನನ್ನ ಗಂಟಲು ಒಡೆದುಹೋಗಿದೆ. ಈಗಲೂ ಗ್ರಾಹಕರ ಜೊತೆ ಸನ್ನೆಯಲ್ಲೇ ಮಾತಾಡುತ್ತಿದ್ದೇನೆ. ಹಾಲಿನಲ್ಲಿ ಇಲ್ಲದವರ ಕವರುಗಳನ್ನು ಏನು ಮಾಡಿದಿರಿ? ಅದನ್ನು ನೀವು ಹೇಳಲೇ ಇಲ್ಲ.

ಆರ್ಲೋ


ಕಾಲ್ಡರ್ ಫ್ಲಾಟ್
ನವೆಂಬರ್ 4

ಆರ್ಲೋ,

ಇಪ್ಪತ್ತಾರು ಜನ ಹಾಲಿನಲ್ಲಿ ಇರಲಿಲ್ಲ. ಅವರದನ್ನು ಹಾಕಿದೆ. ಕೇಳದೆ ತಡೆಯುವುದಕ್ಕೆ ನಾನು ಯಾರು? ಅವೆಲ್ಲ ‘ಹೌದು’ ಎಂದೇ ಇರಬೇಕು. ಹಾಲಿನವರಲ್ಲಿ ಒಂಬತ್ತು ಜನ ಹಾಕು ಎಂದರು, ಹಾಕಿದೆ. ನೂರ ಹದಿನೈದು ವಾಪಸ್ ತಂದೆ. ಜನ ಕವರು ಬಿಚ್ಚಿ, ಹಳೆಯ ಗುರುತಿನ ಮೇಲೆ ಗೆರೆ ಎಳೆದು, ಇನ್ನೊಂದನ್ನು ತುಂಬಿ, ಟೇಪು ಅಂಟಿಸಿ ಕೊಟ್ಟಿದ್ದಾರೆ. ಹಾಗೆ ತಿದ್ದಬಹುದೆಂದು ಮತಪತ್ರದಲ್ಲೇ ಬರೆದಿದೆ. ಏನು ತಿದ್ದಿದರು ಎಂದು ನಾನು ಕೇಳಿಲ್ಲ. ನಿನ್ನೆ ಒಯ್ದು ಹಾಕಿ ಬಂದೆ.

ನಿನಗೆ ಕಾಣದ ಭಾಗವೂ ಇದೆ. ಬೇಟೆಗಾರ ಹಿಂದೆ ಮಲಗಿ ದಾರಿಯುದ್ದಕ್ಕೂ ಮಾತಾಡುತ್ತಿದ್ದ, ನೋವಿನಲ್ಲಿ ಕೆಲವರು ಹಾಗೆ. “ಅಮ್ಮಾ, ನಾನು 231ಕ್ಕೆ ‘ಹೌದು’ ಹಾಕಿ ಬಂದಿದೀನಿ. ಖರ್ಚು ಉಳಿಯುತ್ತೆ ಅಂತ ಬರೆದಿತ್ತು” ಅಂದ. “ಪಟ್ಟಿ ಗಟ್ಟಿಯಾಗಿ ಹಿಡ್ಕೋ, ಮುಂದೆ ರಸ್ತೆ ಸರಿ ಇಲ್ಲ” ಅಂದೆ. ಸ್ವಲ್ಪ ಹೊತ್ತಿನ ಮೇಲೆ, “ಮತ ವಾಪಸ್ ತಗೋಬೋದಾ?” ಅಂತ ಕೇಳಿದ. ಅವನದು ಆಗಲೇ ಮತಪೆಟ್ಟಿಗೆಗೆ ಬಿದ್ದಿತ್ತು.

ಆ ಮಾತು ತಲೆಯಲ್ಲಿತ್ತು. ಅವನನ್ನು ಒಳಗೆ ಬಿಟ್ಟು ಬಂದು ಮತಪೆಟ್ಟಿಗೆಯ ಮುಂದೆ ಗಾಡಿ ನಿಲ್ಲಿಸಿದೆ. ಮೊದಲ ಕವರು ಕೈಯಲ್ಲಿ ಹಿಡಿದೆ. ನನ್ನ ಗಾಡಿ ಉಳಿಸಿಕೊಳ್ಳಲು ಒಂದು ಕವರನ್ನೂ ಮುಟ್ಟುವವಳಲ್ಲ ನಾನು. ಆದರೆ ನೀನು ಓದಿದೆಯೋ ಇಲ್ಲವೋ, ಅವರು ಕೇಳಿದರೋ ಇಲ್ಲವೋ, ತಿಳಿಯದೆ ಹಾಕಿದರೆ ಅದೂ ಮೋಸವೇ. ಅದಕ್ಕೆ ಫೋನ್ ಮಾಡಿದೆ. ಹಾಲಿನ ಫೋನಿಗೆ ಮಾಡಿದೆ, ಪ್ರಾಣ ಹೋಗುವವರಿಗೆಂದು ನನ್ನ ಮನೆಯ ಫೋನು ಖಾಲಿಯೇ ಇತ್ತು. ಇದನ್ನು ಎಲ್ಲರಿಗೂ ಹೇಳಿಕೊಂಡು ಬರಬೇಡ.

ಮಂಗಳವಾರ ಎಣಿಕೆ.

ಹೆಸ್ಟರ್ ಅತ್ತೆ


ಕಾಲ್ಡರ್ ಫ್ಲಾಟ್
ನವೆಂಬರ್ 14

ಆರ್ಲೋ,

ರಾಜ್ಯದಲ್ಲಿ 231 ಗೆದ್ದದ್ದು ನೋಡಿರುತ್ತೀಯ. ನಮ್ಮ ವಲಯದಲ್ಲಿ ‘ಬೇಡ’ ನೂರ ಹದಿನೇಳು, ‘ಹೌದು’ ನಲವತ್ತೆಂಟು. ನಾವು ಉಳಿದೆವು. ಪಕ್ಕದ ಕೌಂಟಿಯಲ್ಲಿ ಮೂರು ವಲಯ ಹೋದವು. ಅಲ್ಲಿ ಯಾರೂ ನಿಂತು ಓದಲಿಲ್ಲ. ಗಸ್ ಹಾಲಿನಲ್ಲಿ ಅಂಕಿಗಳನ್ನು ಹರಾಜಿನ ದನಿಯಲ್ಲಿ ಮೂರು ಸಲ ಕೂಗಿದ.

ಆ ನಲವತ್ತೆಂಟರಲ್ಲಿ ಒಂದು ನನ್ನದು.

ಪೆಟ್ಟಿಗೆಯಲ್ಲಿ ನೂರ ಐವತ್ತೊಂದು ಕವರುಗಳಿದ್ದವು. ಉಳಿದ ಹದಿನಾಲ್ಕು ಜನ ತಾವೇ ಅಂಚೆಗೆ ಹಾಕಿದ್ದರು. ನೀನು ಕೂಡಿಸಿ ನೋಡಲಿಲ್ಲ, ನೋಡಿದ್ದರೆ ನನ್ನ ಹಿಂದಿನ ಕಾಗದದ ಲೆಕ್ಕದಲ್ಲಿ ಒಂದು ಕಡಿಮೆ ಬರುತ್ತಿತ್ತು. ಎಲ್ಲ ಹೆಸರು ಕೂಗಿ ಮುಗಿದ ಮೇಲೆ, ನಿನ್ನ ಜೊತೆ ಮಾತು ಮುಗಿಸಿ ಫೋನ್ ಇಟ್ಟ ಮೇಲೆ, ಕೊನೆಯದು ನನ್ನ ಕೈಯಲ್ಲಿ ಉಳಿಯಿತು. ಅಕ್ಟೋಬರ್ ಹತ್ತೊಂಬತ್ತನೇ ತಾರೀಕೇ ‘ಹೌದು’ ಎಂದು ಗುರುತು ಹಾಕಿ ಅಂಟಿಸಿದ್ದೆ. ಗಸ್ ಹೇಳಿದ್ದು ಸರಿ, ನಾನು ದಣಿದಿದ್ದೆ. ಜುಲೈಯಿಂದ ಆ ತಿರುವು ಬಂದಾಗಲೆಲ್ಲ ನನ್ನ ಬಲಗೈ ನಡುಗುತ್ತದೆ. ಹಿಂದೆ ಮಲಗಿರುವವರಿಗೆ ಗೊತ್ತಾಗದಿರಲಿ ಎಂದು ಗಟ್ಟಿಯಾಗಿ ಮಾತಾಡುತ್ತೇನೆ. ಬೇಟೆಗಾರನಿಗೂ ರಸ್ತೆ ಸರಿ ಇಲ್ಲ ಎಂದೆ. ರಸ್ತೆ ಚೆನ್ನಾಗಿಯೇ ಇತ್ತು.

ವಾಪಸ್ ತಂದು ತಿದ್ದಬಹುದಿತ್ತು. ತಿದ್ದಲಿಲ್ಲ. ಅದು ಸುಳ್ಳು ಮತವಾಗಿರಲಿಲ್ಲ. ಹಾಕಿದೆ. ಊರು ನನ್ನನ್ನು ಸೋಲಿಸಿತು. ಸೋತು ಇಷ್ಟು ಹಗುರವಾಗಿ ಮನೆಗೆ ಗಾಡಿ ಓಡಿಸಿಕೊಂಡು ಬಂದದ್ದು ನೆನಪಿಲ್ಲ.

ನಿನ್ನೆ ಹಾಲಿನಲ್ಲಿ ಎದ್ದು ನಿಂತು ಎಲ್ಲರಿಗೂ ಹೇಳಿದೆ. ನಡುಗುವ ಕೈಯ ವಿಷಯ, ಮತದ ವಿಷಯ, ಎರಡೂ. ಆಮೇಲೆ ಎಜ್ರಾ, “ಅಂದ್ರೆ ನಾನೂ ಹೆಸ್ಟರೂ ಒಂದೇ ಕಡೆ!” ಎಂದ. ಅವನಿಗೆ ವೈನೋನಾ ಪೈ ಕೊಡಲಿಲ್ಲ. ಗಾಡಿ ಓಡಿಸಲು ಕಲಿಯುವವರ ಪಟ್ಟಿ ಗೋಡೆಗೆ ಅಂಟಿಸಿದ್ದೇನೆ. ಮೂರು ಹೆಸರು ಬಂದಿವೆ, ಮೂರೂ ಗಟ್ಟಿ ಕೈಗಳು. ನಾನು ಕಲಿಸುತ್ತೇನೆ.

ಇದನ್ನು ನಿನಗೆ ಬರೆದದ್ದು ನೀನು ಬರಲಿ ಎಂದಲ್ಲ. ನಿನ್ನ ಬರಹ ಕೆಟ್ಟದಾಗಿತ್ತು, ಆದರೆ ನನ್ನ ಬಗ್ಗೆ ಅಷ್ಟು ಸರಿಯಾಗಿ ಇನ್ನಾರೂ ಬರೆದಿರಲಿಲ್ಲ ಎಂದು ಹೇಳಲು.

ಹೆಸ್ಟರ್


ಪೋರ್ಟ್‌ಲ್ಯಾಂಡ್
ನವೆಂಬರ್ 18

ಅತ್ತೆ,

ನಾಲ್ಕನೇ ಹೆಸರು ಬರೆದುಕೊಳ್ಳಿ.

ಅಂಗಡಿಯವರ ಜೊತೆ ಮಾತಾಡಿದ್ದೇನೆ. ಜನವರಿಯಿಂದ ಶುಕ್ರವಾರದಿಂದ ಭಾನುವಾರದವರೆಗೆ ನನಗೆ ರಜೆ. ಹ್ಯಾಸ್ಕೆಲ್ಲಿನಲ್ಲಿ ತುರ್ತು ಚಿಕಿತ್ಸೆಯ ತರಬೇತಿಗೂ ಅರ್ಜಿ ಹಾಕಿದ್ದೇನೆ. ರಕ್ತ ಕಂಡರೆ ನನಗೆ ತಲೆ ತಿರುಗುತ್ತದೆ. ಹೇಳಿದೆ. “ಮೊದಲ ತಿಂಗಳು ಎಲ್ಲರಿಗೂ ಹಾಗೇ” ಅಂದರು ತರಬೇತಿಯವರು.

ಒಂದು ಕೇಳಿಕೊಳ್ಳುತ್ತೇನೆ. ಹಿಮ ಬೀಳುವ ಮುಂಚೆ, ಹಗಲು ಹೊತ್ತಿನಲ್ಲಿ, ಹಿಂದೆ ಯಾರೂ ಇಲ್ಲದಾಗ, ಮೈಲಿ ನಲವತ್ತೊಂದಕ್ಕೆ ಹೋಗೋಣ. ನೀವು ಪಕ್ಕದ ಸೀಟಿನಲ್ಲಿ ಕೂತು ಎಲ್ಲಿ ನಿಧಾನ ಮಾಡಬೇಕು, ಎಲ್ಲಿ ಬ್ರೇಕು ಮುಟ್ಟಲೇಬಾರದು ಹೇಳಿ. ಎಷ್ಟು ಗಟ್ಟಿಯಾಗಿ ಬೇಕಾದರೂ ಬೈಯಿರಿ. ಸ್ಟಿಯರಿಂಗ್ ನಾನು ಹಿಡಿಯುತ್ತೇನೆ.

ಆರ್ಲೋ